ಹಿಡಿ, ಎತ್ತು, ಬಿಡು

ಆ ಹಡಗನ್ನು ಕಟ್ಟಿದವರು ಅದಕ್ಕೊಂದು ಗಂಭೀರವಾದ ಹೆಸರಿಟ್ಟಿದ್ದರು. ಅದರಲ್ಲಿ ದುಡಿದವರು ಮಾತ್ರ ಎಮ್ಮೆ ಅಂತಲೇ ಕರೆದರು. ತಳ ಚಪ್ಪಟೆ, ನಡಿಗೆ ಮಂದ, ಅಲೆ ಎದ್ದರೆ ಹೊರಳಾಟ, ದಡ ಕಂಡರೆ ಸಾಕು ಹೋಗಿ ಕೆಸರಿನಲ್ಲಿ ಹೊಟ್ಟೆಯೂರಿ ಮಲಗುವುದು. ಹೆಸರಿಗೆ ಯುದ್ಧನೌಕೆ, ಹೊತ್ತದ್ದೆಲ್ಲ ಸಿಮೆಂಟು, ಜನರೇಟರು, ಹಿಟ್ಟಿನ ಮೂಟೆ, ಲಾರಿ, ಒಂದು ಸಲ ಮೂವತ್ತೆರಡು ಹೇಸರಗತ್ತೆ. ದಡಕ್ಕೆ ಮೂಗು ಒತ್ತುವುದು, ಮುಂದಿನ ಎರಡು ಕದ ತೆರೆಯುವುದು, ಕಬ್ಬಿಣದ ಇಳಿಜಾರು ಹಲಗೆಯನ್ನು ಮರಳಿಗೆ ಇಳಿಸಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಆಚೆ ಕಳಿಸುವುದು, ಮತ್ತೆ ಹಿಂದಕ್ಕೆ ಸರಿಯುವುದು. ಆ ಕದಗಳಿಗೆ ನಾವಿಕರು ಬಾಯಿ ಅಂದರು, ಹಲಗೆಗೆ ನಾಲಿಗೆ ಅಂದರು. ಮೂವತ್ತೊಂದು ವರ್ಷ ಹೀಗೆ ನಾಲಿಗೆ ಚಾಚಿ ಚಾಚಿ ಕೊನೆಗೆ ಎಮ್ಮೆಗೂ ನಿವೃತ್ತಿ ಬಂತು. ನಿವೃತ್ತಿ ಎಂದ ಮೇಲೆ ಒಂದು ಪುಸ್ತಕ ಆಗಲೇಬೇಕಲ್ಲ: ಸೇವಾ ಚರಿತ್ರೆ, ನೂರಿಪ್ಪತ್ತು ಪುಟ, ದಪ್ಪ ರಟ್ಟು, ಮೊದಲ ಹಾಳೆಯಲ್ಲಿ ದೊಡ್ಡವರ ಫೋಟೊ.

ಪುಸ್ತಕ ತಯಾರಾಗುತ್ತಿದ್ದದ್ದು ನೌಕಾದಳದ ದಾಖಲೆ ವಿಭಾಗದಲ್ಲಿ. ಬರೆಯುವವರು ನಿವೃತ್ತ ಅಧಿಕಾರಿಯೊಬ್ಬರು. ಎಲ್ಲರೂ ಚರಿತ್ರೆ ಸಾಹೇಬರು ಅನ್ನುತ್ತಿದ್ದರು. ಒಳ್ಳೆಯ ಮನುಷ್ಯರೇ, ಆದರೆ ವಿಶೇಷಣದ ಹುಚ್ಚು. ಹಡಗು 'ಹೋಯಿತು' ಅಂತ ಬರೆದರೆ ಅವರಿಗೆ ನಿದ್ದೆ ಬಾರದು, 'ಅಲೆಗಳನ್ನು ಸೀಳಿ ಧಾವಿಸಿತು' ಆಗಬೇಕು. ಎಮ್ಮೆ ಎಲ್ಲಿಯ ಧಾವಿಸುವುದು! ಅಂಥದ್ದನ್ನೆಲ್ಲ ಹೊಡೆದುಹಾಕಿ, ತಾರೀಕು ತಾಳೆ ನೋಡಿ, ಕರಡು ತಿದ್ದುವ ಹೆಂಗಸೊಬ್ಬಳಿದ್ದಳು. ಎದುರಿಗೆ ಅವಳು ಕರಡಕ್ಕ, ಬೆನ್ನ ಹಿಂದೆ ಕರಡಿ. ಇಪ್ಪತ್ತೆರಡು ವರ್ಷದಲ್ಲಿ ಅವಳ ಕೆಂಪು ಪೆನ್ಸಿಲನ್ನು ತಪ್ಪಿಸಿಕೊಂಡು ಒಂದೇ ಒಂದು ಸುಳ್ಳು ತಾರೀಕು ಅಚ್ಚಿಗೆ ಹೋದದ್ದಿಲ್ಲ. ಮಂತ್ರಿಗಳ ಭಾಷಣದಲ್ಲೇ ತಪ್ಪು ಹಿಡಿದು ವಾಪಸ್ ಕಳಿಸಿದವಳು ಅಂತ ಅವಳಿಗೆ ಹೆಸರು. ಆ ಹೆಸರನ್ನು ಅವಳು ಒಡವೆಯಂತೆ ಧರಿಸಿಕೊಂಡು ಓಡಾಡುತ್ತಿದ್ದಳು.

ಎಮ್ಮೆಯ ಕರಡು ಅವಳ ಮೇಜಿಗೇ ಬಂದದ್ದು ಮಾತ್ರ ವಿಧಿಯ ಕುಚೇಷ್ಟೆ. ಹನ್ನೊಂದು ವರ್ಷದ ಹಿಂದೆ ಅದೇ ಹಡಗಿನ ನಾಲಿಗೆಯ ಕೆಳಗೆ ಸಿಕ್ಕಿ ಸತ್ತವನು ಅವಳ ಒಬ್ಬನೇ ತಮ್ಮ. ನಾಲಿಗೆಯನ್ನು ಬಿಟ್ಟವನು ಅವಳ ಗಂಡ.

ಹೇಗಾಯಿತು ಅಂದರೆ, ನಾಲಿಗೆ ಸರಪಳಿಯಲ್ಲಿ ನೇತಾಡುತ್ತದೆ. ಸರಪಳಿ ಮೇಲಿನ ವಿಂಚಿಗೆ, ಅಂದರೆ ಎತ್ತಿಳಿಸುವ ರಾಟೆ ಯಂತ್ರಕ್ಕೆ, ಸುತ್ತಿರುತ್ತದೆ. ವಿಂಚಿನ ಬ್ರೇಕು ಒಬ್ಬನ ಕೈಯಲ್ಲಿರುತ್ತದೆ. ಆ ಒಬ್ಬನಿಗೆ ಕೆಳಗೆ ಏನಾಗುತ್ತಿದೆ ಕಾಣುವುದಿಲ್ಲ. ಕಿವಿಗೆ ಕಟ್ಟಿದ ತಂತಿಯಲ್ಲಿ ಏನು ಕೇಳುತ್ತದೋ ಅಷ್ಟೇ ಅವನ ಲೋಕ. ಇಂಜಿನ್ನಿನ ಗದ್ದಲದಲ್ಲಿ ಉದ್ದ ಮಾತು ನಡೆಯದು, ಅದಕ್ಕೇ ತಂತಿಯ ಮೇಲೆ ಅಪ್ಪಣೆ ಅಂದರೆ ಮೂರೇ: ಹಿಡಿ, ಎತ್ತು, ಬಿಡು. ಈ ಮೂರು ಮಾತನ್ನು ಬೇರೆ ಅರ್ಥದಲ್ಲಿ ತಂತಿಯ ಮೇಲೆ ಆಡಕೂಡದು ಅನ್ನುವುದು ಹಡಗಿನ ಕಟ್ಟಪ್ಪಣೆ. ಆ ದಿನ ನೆರೆ ಬಂದ ಊರಿಗೆ ಹಿಟ್ಟು ಹೊತ್ತು ತಂದಿದ್ದರು. ನಾಲಿಗೆ ಅರ್ಧ ಇಳಿದು ಕೀಲಿನಲ್ಲಿ ಮರದ ತುಂಡೊಂದು ಸಿಕ್ಕಿಕೊಂಡಿತು. ಅದನ್ನು ಕೀಳಲು ತಮ್ಮ ಹಾರೆ ಹಿಡಿದು ಕೆಳಗಿಳಿದ. ಮೇಲೆ ಭಾವ ಬ್ರೇಕು ಹಿಡಿದು ಕೂತಿದ್ದ. ಕೂತಿದ್ದವನು ಬಿಟ್ಟ.

"ಬಿಡು ಅನ್ನೋ ಮಾತು ಬಂತು, ಬಿಟ್ಟೆ" ಅಂದ ವಿಚಾರಣೆಯಲ್ಲಿ. ಯಾರು ಹೇಳಿದರು ಅಂದರೆ, ದನಿ ಗೊತ್ತಾಗಲಿಲ್ಲ, ಮಾತು ಕೇಳಿತು, ಅಷ್ಟೇ ಅಂದ. ಅಪ್ಪಣೆ ಕೊಡುವ ಮೂವರು ಅಧಿಕಾರಿಗಳನ್ನು ಕೇಳಿದರು, ನಾವಂತೂ ಹೇಳಿಲ್ಲ ಅಂದರು. ಶಾಯಿಯಲ್ಲಿ ಮುತ್ತು ಪೋಣಿಸಿದಂತೆ ಬರೆದ ಅಪ್ಪಣೆ ಪುಸ್ತಕ ತೆರೆದು ನೋಡಿದರು. ಅದರಲ್ಲಿ 'ಹಿಡಿ' ಇತ್ತು, ಅದರ ಮುಂದೆ ಖಾಲಿ. ವಿಂಚ್ ಚಾಲಕನ ಅಜಾಗರೂಕತೆ ಅಂತ ತೀರ್ಪು ಬರೆದು ಮೊಹರು ಒತ್ತಿದರು. ಅವನನ್ನು ಹಡಗಿನಿಂದ ಇಳಿಸಿ ದಾಸ್ತಾನು ಅಂಗಳದ ಗೇಟಿಗೆ ಹಾಕಿದರು. ಲಾರಿ ಬಂದಾಗ ಅಡ್ಡಗಂಬ ಎತ್ತುವುದು, ಹೋದ ಮೇಲೆ ಇಳಿಸುವುದು. ಲಾರಿ ಡ್ರೈವರುಗಳಿಗೆ ಅಷ್ಟು ಸಾಕಾಯಿತು. "ಏನು ಬಿಡು ಮಾವ, ಇವತ್ತು ಯಾರ ತಲೆ ಮೇಲೆ?" ಅಂತ ಗಾಜು ಇಳಿಸಿ ಕೇಳಿ, ಹಲ್ಲು ಕಿರಿದು ಹೋಗುತ್ತಿದ್ದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇವನ ಮಾನ ಹೋದದ್ದು ಎರಡಕ್ಷರಕ್ಕೆ.

ಗೇಟಿನದಾದರೂ ಹಗಲಿನ ಪಾಡು. ಮನೆಯದು ನೋಡಬೇಕಿತ್ತು. ಎರಡು ಕೋಣೆ, ಒಂದು ಅಡುಗೆಮನೆ. ಮುಂದಿನ ಕೋಣೆಯಲ್ಲಿ ಮಗನ ಫೋಟೊದ ಕೆಳಗೆ ಅವಳ ತಾಯಿಯ ಮಂಚ. ಮಗ ಸತ್ತ ಸುದ್ದಿ ಕೇಳಿದ ವರ್ಷವೇ ಮುದುಕಿಯ ಕಾಲು ಸೋತುಹೋಗಿತ್ತು. ಎತ್ತಿ ಕೂರಿಸಬೇಕು, ಎತ್ತಿ ಬಚ್ಚಲಿಗೆ ಒಯ್ಯಬೇಕು, ಕಾಲು ತೊಳೆಯಬೇಕು, ಉಗುರು ತೆಗೆಯಬೇಕು. ಮಗಳಿಗೆ ಸೊಂಟ ನೋವು. ಹಾಗಾಗಿ ಅಷ್ಟನ್ನೂ ಮಾಡುತ್ತಿದ್ದವನು ಅಳಿಯ. ಯಾರ ಮಗನ ಮೇಲೆ ಕಬ್ಬಿಣ ಬೀಳಿಸಿದನೋ ಅದೇ ತಾಯಿಯನ್ನು ಮಗುವಿನಂತೆ ತೋಳಲ್ಲಿ ಎತ್ತಿಕೊಂಡು ಓಡಾಡುತ್ತಿದ್ದ, ಮುದುಕಿ ಆ ತೋಳಿನಲ್ಲೇ ಕೂತು ಅವನಿಗೆ ಶಾಪ ಹಾಕುತ್ತಿದ್ದಳು.

ಮೊದಲು ಅವಳಿಗೆ ಅಳಿಯ 'ಅವರು' ಆಗಿದ್ದ. 'ಬಂದ್ರಾ, ಊಟ ಆಯ್ತಾ, ಕೂತ್ಕೊಳ್ಳಿ' ಎನ್ನುವ ಮರ್ಯಾದೆ. ಮಗನ ಮಣ್ಣು ಮುಗಿಸಿ ಬಂದ ದಿನ ಆ ಬಹುವಚನವನ್ನು ಕಿತ್ತುಕೊಂಡಳು. ಅಂದಿನಿಂದ 'ಬಾ, ಎತ್ತು, ಇಳಿಸು, ತೊಲಗು'. ಮಗಳು ಇನ್ನೂ ಒಂದು ಕೈ ಮೇಲೆ. ಹನ್ನೊಂದು ವರ್ಷದಲ್ಲಿ ಗಂಡನನ್ನು ಒಮ್ಮೆಯೂ "ರೀ" ಅಂತ ಕರೆದಿರಲಿಲ್ಲ. ಗೋಡೆಗೆ ಹೇಳುವಂತೆ "ನೀರು ಖಾಲಿ", "ಅಮ್ಮನಿಗೆ ಬಚ್ಚಲು" ಅನ್ನುವಳು. ಗೋಡೆ ಕೇಳಿಸಿಕೊಳ್ಳದಿದ್ದರೂ ಅವನು ಕೇಳಿಸಿಕೊಂಡು ಏಳುವನು. ಅವನ ತಟ್ಟೆ ಬೇರೆ, ಲೋಟ ಬೇರೆ.

ಇಷ್ಟೆಲ್ಲ ಯಾಕೆ ಅಂತೀರಿ? ಸತ್ತದ್ದಕ್ಕಲ್ಲ. ಅವನು ಒಂದು ಮಾತು ಹೇಳದಿದ್ದದ್ದಕ್ಕೆ. ಹನ್ನೊಂದು ವರ್ಷದಲ್ಲಿ ಅವನು ಅತ್ತಿದ್ದ, ಊಟ ಬಿಟ್ಟಿದ್ದ, ಮುದುಕಿಯ ಮಲಮೂತ್ರ ಬಳಿದಿದ್ದ, ಆದರೆ 'ತಪ್ಪಾಯ್ತು' ಎಂದಿರಲಿಲ್ಲ.

"ಒಂದು ಸಲ ತಪ್ಪಾಯ್ತು ಅಂದ್ಬಿಟ್ರೆ ನಾಲಿಗೆ ಸವೆದು ಹೋಗುತ್ತೇನೋ?" ಮುದುಕಿ ಕೇಳುವಳು. "ಸಾಯೋದ್ರೊಳಗೆ ನಿನ್ನ ಬಾಯಿಂದ ಅದೊಂದು ಮಾತು ಕೇಳ್ಬೇಕು. ಅದಕ್ಕೇ ಜೀವ ಹಿಡ್ಕೊಂಡಿದೀನಿ."

"ದುಃಖ ಇದೆ ಅತ್ತೆ. ಹೊಟ್ಟೆ ಉರಿಯುತ್ತೆ. ಆದ್ರೆ ಮಾತು ಬಂತು, ನಾನು ಬಿಟ್ಟೆ. ಕೇಳದೆ ಇದ್ದದ್ದನ್ನ ಕೇಳ್ದೆ ಅನ್ನೋದು ಸುಳ್ಳು, ಕೇಳಿದ್ದನ್ನ ಕೇಳಿಲ್ಲ ಅನ್ನೋದೂ ಸುಳ್ಳೇ."

"ಸತ್ಯ ಹರಿಶ್ಚಂದ್ರ ಬಂದ ನೋಡು!" ಅನ್ನುವಳು ಮುದುಕಿ. ಅಲ್ಲಿಗೆ ಆ ದಿನದ ಮಾತು ಮುಗಿಯುತ್ತಿತ್ತು.

ಹಡಗಿನ ಚರಿತ್ರೆ ಬರೆಯುತ್ತಾರೆ, ಕರಡು ಹೆಂಡತಿಯ ಕೈಯಲ್ಲೇ ಇದೆ, ಹಡಗಿನ ಹಳೆಯ ಕಾಗದವೆಲ್ಲ ಹದಿನೇಳು ತಗಡಿನ ಟ್ರಂಕಿನಲ್ಲಿ ಅವಳ ಕಚೇರಿಗೇ ಬಂದಿದೆ ಎಂದು ಗೊತ್ತಾದ ದಿನ ಗಂಡ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಅವಳು ತರಕಾರಿ ಹೆಚ್ಚುತ್ತಿದ್ದಳು.

"ನಿನ್ನನ್ನ ಇದುವರೆಗೆ ಏನೂ ಕೇಳಿಲ್ಲ. ಒಂದು ಕೇಳ್ತೀನಿ," ಅಂದ. "ಆ ಟ್ರಂಕುಗಳಲ್ಲಿ ಎಲ್ಲಾದ್ರೂ ಆ ಮಾತು ಇದ್ರೆ ನೋಡು. ಯಾರು ಹೇಳಿದ್ರು ಅಂತ ಬೇಡ. ಬಂದಿತ್ತು ಅಂತ ಒಂದು ಸಾಲು ಆ ಪುಸ್ತಕದಲ್ಲಿ ಬಂದ್ರೆ ಸಾಕು. ಇಲ್ಲ ಅಂದ್ರೆ ಇಲ್ಲ ಅನ್ನು. ನೀನು ಇಲ್ಲ ಅಂದ್ರೆ ನಾನು ಒಪ್ಕೋತೀನಿ."

ಅವಳು ತಲೆ ಎತ್ತಲಿಲ್ಲ. ಗೋಡೆಗೆ ಹೇಳಿದಳು: "ಇದ್ರೆ ಸಿಗುತ್ತೆ."

ಸಿಗಬಾರದು ಅಂತಲೇ ಅವಳು ಹುಡುಕಿದ್ದು. ಒಂದು ಹಾಳೆ ಬಿಡದೆ ನೋಡಿ, ಏನೂ ಇಲ್ಲ ಅಂತ ಅವನ ಮುಖಕ್ಕೆ ಹೊಡೆದಂತೆ ಹೇಳಿ, ಆ ಬಾಯಿಂದ 'ತಪ್ಪಾಯ್ತು' ಹೊರಡಿಸಿ ತಾಯಿಯ ಎದುರು ನಿಲ್ಲಿಸಬೇಕು ಅನ್ನುವುದು ಅವಳ ಹಟ. ಹಟಕ್ಕೆ ಬಿದ್ದ ಕರಡಿ ಕೇಳಬೇಕೆ? ಊಟದ ಹೊತ್ತಿನಲ್ಲೂ ಟ್ರಂಕಿನ ಮುಂದೆ ಮಣೆ ಹಾಕಿಕೊಂಡು ಕೂತಳು. ದಿಕ್ಸೂಚಿ ಪಟ್ಟಿ, ಔಷಧಿ ಪಟ್ಟಿ, ರಜೆ ಅರ್ಜಿ, ಹೇಸರಗತ್ತೆಗಳ ಮೇವಿನ ಚೀಟಿ. ಇನ್ನೂರ ಹನ್ನೆರಡು ಸಲ ಎಮ್ಮೆ ದಡ ಹತ್ತಿದ್ದಕ್ಕೆ ಇನ್ನೂರ ಹನ್ನೆರಡು ವರದಿ. ಕೈಯೆಲ್ಲ ತುಕ್ಕು, ಮೂಗಿನ ತುಂಬ ದೂಳು.

ಹದಿನಾಲ್ಕನೇ ಟ್ರಂಕಿನಲ್ಲಿ ಬಣ್ಣದ ಡಬ್ಬಿಗಳ ಚೀಟಿ ಕಟ್ಟಿನ ಅಡಿಯಲ್ಲಿ ಒಂದು ಉದ್ದನೆಯ ನೋಟುಪುಸ್ತಕ ಸಿಕ್ಕಿತು. ಪೆನ್ಸಿಲ್ ಬರಹ, ಎಣ್ಣೆ ಕೈಯ ಗುರುತು. ಅದೇನೆಂದು ಅವಳಿಗೆ ತಕ್ಷಣ ಗೊತ್ತಾಯಿತು. ದಡ ಹತ್ತುವಾಗ ಬಾಯಿಯ ಹತ್ತಿರ ಒಬ್ಬ ಕೂತು, ತಂತಿಯಲ್ಲಿ ಬಂದದ್ದನ್ನೆಲ್ಲ, ಕೆಮ್ಮಿದ್ದನ್ನೂ ಬಿಡದೆ, ಕಚ್ಚಾ ಪುಸ್ತಕದಲ್ಲಿ ಗೀಚುತ್ತಾನೆ. ಆಮೇಲೆ ಗುಮಾಸ್ತ ಅದರಿಂದ ಅಧಿಕಾರಿಗಳ ಅಪ್ಪಣೆಯನ್ನಷ್ಟೇ ಆರಿಸಿ, ಉಳಿದದ್ದು ಹರಟೆ ಅಂತ ಕೈಬಿಟ್ಟು, ಶಾಯಿಯಲ್ಲಿ ಅಂದವಾಗಿ ಬರೆಯುತ್ತಾನೆ. ವಿಚಾರಣೆಯವರು ನೋಡಿದ್ದು ಶಾಯಿ ಪುಸ್ತಕ. ಕಚ್ಚಾ ಪುಸ್ತಕ ನೀರಿಗೆ ಬಿತ್ತು ಎಂದು ಬಾಯಿಯ ಮನುಷ್ಯ ಹೇಳಿಕೆ ಕೊಟ್ಟು, ಆ ದಿನದ ಅಪ್ಪಣೆಗಳನ್ನು ನೆನಪಿನಿಂದ ಗುಮಾಸ್ತನಿಗೆ ಹೇಳಿ ಬರೆಸಿದ್ದ. ನೀರಿಗೆ ಬಿದ್ದ ಪುಸ್ತಕ ಅವಳ ತೊಡೆಯ ಮೇಲೆ ಒಣಗಿಕೊಂಡೇ ಕೂತಿತ್ತು.

ಕೊನೆಯ ಬರಹದ ಪುಟ ತಿರುವಿದಳು. ತಾರೀಕು ಅದೇ.

'೧೦.೪೦. ಮೇಲಿನಿಂದ: ಹಿಡಿ.'

'೧೦.೪೧. ಬಾಯಿ: ನಾನೂ ಇಳಿದು ಬರ್ಲಾ?'

'ನಾಲಿಗೆ: ಬಿಡು, ನಾನೇ ನೋಡ್ಕೋತೀನಿ.'

ಅಲ್ಲಿಂದಾಚೆ ಒಂದು ಗೀರು ಕೂಡ ಇಲ್ಲ. ನಾಲಿಗೆಯ ಹತ್ತಿರ ಆಗ ಇದ್ದವನು ಒಬ್ಬನೇ, ತಲೆಗೆ ತಂತಿ ಕಟ್ಟಿಕೊಂಡು ಹಾರೆ ಹಿಡಿದಿದ್ದವನು. ಅವಳ ತಮ್ಮ.

ಅವಳಿಗೆ ಬರಹ ಕಾಣುವ ಬದಲು ತಮ್ಮನ ದನಿ ಕೇಳಿತು. "ಬಿಡಕ್ಕ, ನಾನೇ ತರ್ತೀನಿ." "ಬಿಡಮ್ಮ, ಏನಾಗಲ್ಲ." "ಅಯ್ಯೋ ಬಿಡಿ ಭಾವ." ದಿನಕ್ಕೆ ನಲವತ್ತು ಸಲ ಅನ್ನುತ್ತಿದ್ದ. ಯಾರು ಅನ್ನುವುದಿಲ್ಲ ಹೇಳಿ? ಬಾಯಿಯ ಮನುಷ್ಯ ಸಹಾಯಕ್ಕೆ ಬರಲಾ ಎಂದ, ಇವನು ಬೇಡ ಬಿಡು ಎಂದ. ಮೇಲೆ ಗದ್ದಲದಲ್ಲಿ ಕೂತಿದ್ದವನ ಕಿವಿಗೆ ಬಿದ್ದದ್ದು ಒಂದೇ ಮಾತು, ಆ ಮಾತಿಗೆ ಹಡಗಿನಲ್ಲಿ ಇದ್ದದ್ದು ಒಂದೇ ಅರ್ಥ. ಹರಟೆ ಹೊಡೆದದ್ದಕ್ಕೆ ತನಗೆಲ್ಲಿ ಶಿಕ್ಷೆಯಾಗುತ್ತದೋ ಎಂದು ಬಾಯಿಯ ಮನುಷ್ಯ ಪುಸ್ತಕ ಬಚ್ಚಿಟ್ಟು ಬಾಯಿ ಮುಚ್ಚಿಕೊಂಡ. ಅವನೂ ಈಗ ಎಲ್ಲೋ ದೇಶಾಂತರ.

ಗಂಡ ಸುಳ್ಳು ಹೇಳಿರಲಿಲ್ಲ. ಹನ್ನೊಂದು ವರ್ಷ, ದಿನಾ, ಸತ್ಯವನ್ನೇ ಹೇಳಿದ್ದ.

ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಹೊರಟಾಗ ಅವಳ ಮನಸ್ಸು ಚೊಕ್ಕಟವಾಗಿಯೇ ಇತ್ತು. ಹೇಳಬೇಕು, ಕಾಲು ಹಿಡಿಯಬೇಕು, ಅಮ್ಮನಿಗೆ ಮೆಲ್ಲಗೆ ತಿಳಿಸಬೇಕು. ದಾರಿಯುದ್ದಕ್ಕೂ "ರೀ" ಅಂತ ತುಟಿಯೊಳಗೇ ಅಂದು ನೋಡಿದಳು. ಬಳಸದೆ ಬಿಟ್ಟ ಬೀಗದಂತೆ ಅದು ತಿರುಗಲಿಲ್ಲ. ಮನೆ ಮುಟ್ಟುವುದರೊಳಗೆ ತಿರುಗೀತು ಅಂದುಕೊಂಡಳು.

ಮನೆಯಲ್ಲಿ ಗಂಡ ಅತ್ತೆಯ ತಲೆ ಬಾಚುತ್ತಿದ್ದ. ಇವಳನ್ನು ಕಂಡವನೇ ಎದ್ದು ಅಡುಗೆಮನೆಗೆ ಹಿಂದೆಯೇ ಬಂದ.

"ಸಿಕ್ತಾ?"

ಅವಳು ಚೀಲ ಇಳಿಸಲಿಲ್ಲ. "ಸಿಕ್ಕಿದ್ರೆ ಏನು ಮಾಡ್ಬೇಕು ಅಂತ?" ಅಂದಳು. ಗೋಡೆಗಲ್ಲ, ಅವನಿಗೇ.

ಅವಳು ಮುಖ ನೋಡಿ ಮಾತಾಡಿದ್ದಕ್ಕೇ ಅವನಿಗೆ ಸಡಗರ ತಡೆಯಲಿಲ್ಲ. ಪಾಪ, ಮನಸ್ಸಿನಲ್ಲಿದ್ದದ್ದನ್ನೆಲ್ಲ ಸುರಿದುಬಿಟ್ಟ. "ಹೋಗ್ತೀನಿ ಕಣೇ. ಅಣ್ಣ ಕರೀತಾನೇ ಇದಾನೆ, ಅವನ ಹತ್ರ ಹೋಗಿ ಇರ್ತೀನಿ. ನಿಮ್ಮ ಮೇಲೆ ಕೋಪಕ್ಕಲ್ಲ. ಇಷ್ಟು ದಿನ ಓಡಿ ಹೋದ್ರೆ ತಪ್ಪು ಮಾಡಿದವನು ಓಡಿಹೋದ ಅಂತಾರಲ್ಲ, ಅದಕ್ಕೇ ಕೂತೆ. ಆ ಸಾಲು ಬಂದ್ರೆ, ಗೇಟಿನವರಿಗೆ ಒಂದು ಸಲ ತೋರಿಸಿ, ಹೊರಟುಬಿಡ್ತೀನಿ. ಒಂದು ಊರಲ್ಲಾದ್ರೂ ಮನುಷ್ಯನ ಹಾಗೆ ಸಾಯ್ತೀನಿ."

ಎಷ್ಟು ಮೆತ್ತಗೆ ಹೇಳಿದ ಅಂದರೆ, ಅದರಲ್ಲಿ ಬೈಗುಳದ ಒಂದು ಎಳೆಯೂ ಇರಲಿಲ್ಲ. ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

ಮುಂದಿನ ಕೋಣೆಯಿಂದ ಮುದುಕಿ ಕೂಗಿದಳು. "ಏಯ್, ಅರ್ಧ ಜಡೆ ಬಿಟ್ಟು ಎಲ್ಲಿ ಸತ್ತೆ? ನನ್ನ ಮಗ ಇದ್ದಿದ್ರೆ ನಿನ್ನ ಕೈಯಲ್ಲಿ ಬಾಚಿಸ್ಕೋತಿದ್ನಾ ನಾನು? ಒಂದು ಮಾತು ಹೆಚ್ಚು ಆಡ್ತಿರ್ಲಿಲ್ಲ, ಒಂದು ಮಾತು ಕಮ್ಮಿ ಆಡ್ತಿರ್ಲಿಲ್ಲ, ಚಿನ್ನದಂಥ ಮಗ!"

ಅವಳು ಆ ಕೂಗು ಕೇಳುತ್ತ ಗಂಡನ ಮುಖ ನೋಡಿದಳು. ಚಿನ್ನದಂಥ ಮಗ ಆಡಿದ ಒಂದು ಹೆಚ್ಚಿನ ಮಾತು ಅವಳ ಚೀಲದಲ್ಲಿತ್ತು. ಅದನ್ನು ಹೊರಗೆ ತೆಗೆದರೆ ಏನೇನು ಆಗುತ್ತದೆ ಅಂತ ತಾರೀಕು ತಾಳೆ ನೋಡುವಷ್ಟೇ ನಿಖರವಾಗಿ ಅವಳಿಗೆ ಕಂಡಿತು. ಮಗ ತನ್ನ ಬಾಯಿಂದಲೇ ಸತ್ತ ಅಂತ ತಾಯಿಗೆ ಗೊತ್ತಾಗುತ್ತದೆ. ಇವನು ಹೋಗುತ್ತಾನೆ. ಬಚ್ಚಲಿಗೆ ಎತ್ತುವವರು ಇಲ್ಲ. ಆಮೇಲೆ ಈ ಎರಡು ಕೋಣೆಯಲ್ಲಿ ಅವಳೂ ಅವಳ ತಾಯಿಯೂ, ಹನ್ನೊಂದು ವರ್ಷ ತಾವು ಮಾಡಿದ್ದೇನು ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರಬೇಕು. ತಪ್ಪು ಹಿಡಿಯುವುದೇ ಕಸುಬಾಗಿದ್ದ ಹೆಂಗಸು, ತನ್ನದೇ ತಪ್ಪು ಅಷ್ಟು ದೊಡ್ಡದಾಗಿ ಎದುರು ನಿಂತಾಗ ಅದಕ್ಕೆ ಹೆದರಿದಳು.

"ಇನ್ನೂ ಮೂರು ಟ್ರಂಕು ಬಾಕಿ," ಅಂದಳು.

"ನೋಡು, ನಿಧಾನವಾಗಿ ನೋಡು," ಅಂದು ಅವನು ಜಡೆ ಮುಗಿಸಲು ಹೋದ.

ಮರುದಿನ ಚರಿತ್ರೆ ಸಾಹೇಬರು ಪುಟ ನಲವತ್ತೊಂದರ ಕರಡು ಹಿಡಿದುಕೊಂಡು ತಾವೇ ಅವಳ ಮೇಜಿನ ಹತ್ತಿರ ಬಂದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಅಕ್ಕಾ, ಇಲ್ಲಿ 'ವಿಂಚ್ ಚಾಲಕನ ಅಜಾಗರೂಕತೆಯಿಂದ' ಅಂತ ಇದೆ. ನನಗೆ ಯಾಕೋ ಹಿಡಿಸ್ತಿಲ್ಲ. ಎಷ್ಟಾದ್ರೂ ನಿಮ್ಮ ಯಜಮಾನ್ರು. 'ಅಪಘಾತದಲ್ಲಿ ಒಬ್ಬ ನಾವಿಕ ಅಸು ನೀಗಿದ' ಅಂದ್ರೆ ಆಯ್ತಲ್ಲ? ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

ಜೀವಮಾನದಲ್ಲಿ ಮೊದಲ ಸಲ ಸಾಹೇಬರು ವಿಶೇಷಣ ಬಿಟ್ಟು ಬರೆಯಲು ಹೊರಟಿದ್ದರು, ನೋಡಿ. ಅವಳು ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಕರಡಿಯ ತಲೆ ಬೇರೆ ಲೆಕ್ಕದಲ್ಲಿ ಓಡುತ್ತಿತ್ತು. ಸಾಲು ಮೆತ್ತಗಾದರೆ ಗಂಡನಿಗೆ ಆಸೆ ಹುಟ್ಟುತ್ತದೆ. ಯಾಕೆ ಬದಲಾಯಿತು ಅನ್ನುತ್ತಾನೆ, ಸಾಹೇಬರನ್ನು ಕೇಳುತ್ತಾನೆ, ಟ್ರಂಕು ತೋರಿಸಿ ಅನ್ನುತ್ತಾನೆ. ಬಾಗಿಲು ಮುಚ್ಚುವುದಾದರೆ ಪೂರ್ತಿ ಮುಚ್ಚಬೇಕು.

"ವಿಚಾರಣೆ ವರದಿಯಲ್ಲಿ ಏನಿದೆಯೋ ಅದೇ ಇರ್ಲಿ ಸರ್," ಅಂದಳು. "ನಮ್ಮ ಮನೆಯವರು ಅಂತ ದಾಖಲೆ ತಿದ್ದಿದ್ರೆ ನಾಳೆ ಜನ ಏನಂತಾರೆ?"

ಸಾಹೇಬರ ಕಣ್ಣು ತುಂಬಿ ಬಂತು. "ನಿಮ್ಮಂಥೋರು ಇರೋದ್ರಿಂದ ಅಕ್ಕಾ, ಈ ವಿಭಾಗಕ್ಕೆ ಮರ್ಯಾದೆ," ಅಂದು ಎರಡೂ ಕೈ ಜೋಡಿಸಿದರು. ಪಕ್ಕದ ಮೇಜಿನವರು ಕೂಡ ಎದ್ದು ನಿಂತರು.

ಮಧ್ಯಾಹ್ನ ಬೇಡದ ಕಾಗದಗಳ ಪಟ್ಟಿ ಬಂತು. ಬಣ್ಣದ ಡಬ್ಬಿಯ ಚೀಟಿ ಕಟ್ಟು, 'ನಾಶಪಡಿಸಬಹುದು'. ಕೆಳಗೆ ಅವಳ ಸಹಿ ಬೇಕು. ಅವಳು ಚೀಲದಿಂದ ನೋಟುಪುಸ್ತಕ ತೆಗೆದು ಕಟ್ಟಿನ ನಡುವೆ ಇಟ್ಟು, ದಾರ ಬಿಗಿದು, ಸಹಿ ಹಾಕಿದಳು. ಕಾಗದ ಕತ್ತರಿಸುವ ಯಂತ್ರ ಕಾರಿಡಾರಿನ ಕೊನೆಯಲ್ಲಿತ್ತು. ಅದು ಕರಕರ ಅಂದಷ್ಟು ಹೊತ್ತು ಅವಳು ಪುಟ ನಲವತ್ತೆರಡರ ಅಲ್ಪವಿರಾಮಗಳನ್ನು ತಿದ್ದುತ್ತ ಕೂತಿದ್ದಳು. ಒಂದೂ ತಪ್ಪಲಿಲ್ಲ.

ಸಂಜೆ ಗಂಡನಿಗೆ ಹೇಳಿದಳು. "ಹದಿನೇಳೂ ಆಯ್ತು. ಏನೂ ಇಲ್ಲ."

"ಹದಿನೇಳೂ?"

"ಹದಿನೇಳೂ."

"ಇದ್ದಿದ್ರೆ ನಿನ್ನ ಕಣ್ಣು ತಪ್ಪುತ್ತಿರಲಿಲ್ಲ," ಅಂದ. ಅವಳನ್ನು ಪರೀಕ್ಷೆ ಮಾಡಲು ಹೇಳಿದ್ದಲ್ಲ, ನಿಜವಾಗಿಯೇ ಹೇಳಿದ. ಆಮೇಲೆ ಗೇಟಿನ ಕೆಲಸದ ಅಂಗಿ ಬಿಚ್ಚಿ ಮೊಳೆಗೆ ಹಾಕಿ, ಹಾಕಿದ ಮೇಲೂ ಬಹಳ ಹೊತ್ತು ಆ ಮೊಳೆಯನ್ನೇ ನೋಡುತ್ತಿದ್ದ.

ಹಡಗನ್ನು ಬೀಳ್ಕೊಡುವ ದಿನ ಬಾಜಾಬಜಂತ್ರಿ ಎಲ್ಲ ಆಯಿತು. ಬಾವುಟ ಇಳಿಸಿದರು. ಎಮ್ಮೆಯ ನಾಲಿಗೆಯನ್ನು ಕೊನೆಯ ಸಲ ಚಾಚಿ, ಅದರ ಮೇಲೆ ಕೆಂಪು ಬಟ್ಟೆ ಹಾಸಿ, ದೊಡ್ಡವರು ಅದರ ಮೇಲೆ ನಡೆದು ಇಳಿದರು. ಚರಿತ್ರೆ ಸಾಹೇಬರು ಭಾಷಣದಲ್ಲಿ ಕರಡಕ್ಕನ ಪ್ರಾಮಾಣಿಕತೆಯ ಕಥೆ ಹೇಳಿದರು. ಹೆಸರು ಹೇಳದಿದ್ದರೂ ಯಾರ ಗಂಡ, ಯಾವ ಸಾಲು ಅಂತ ಎಲ್ಲರಿಗೂ ಅರ್ಥವಾಯಿತು, ಚಪ್ಪಾಳೆ ಬಿತ್ತು. ಗೇಟಿನವನು ಹಿಂದಿನ ಸಾಲಿನಲ್ಲಿ ನಿಂತಿದ್ದ. ಎಲ್ಲರ ಜೊತೆ ಅವನೂ ಚಪ್ಪಾಳೆ ಹೊಡೆದ.

ಪುಸ್ತಕವನ್ನು ಅವನೇ ಮನೆಗೆ ಹೊತ್ತು ತಂದ. ಭಾನುವಾರ ಬೆಳಿಗ್ಗೆ ಕಿಟಕಿಯ ಹತ್ತಿರ ಕೂತು ಪುಟ ನಲವತ್ತೊಂದರ ಮೇಲೆ ಬೆರಳಿಟ್ಟು ಓದಿದ. ಮತ್ತೆ ಓದಿದ. ಮೂರನೇ ಸಲ ತುಟಿ ಅಲುಗಿಸಿ ಓದಿದ. ಆಮೇಲೆ ಪುಸ್ತಕ ಮುಚ್ಚಿಟ್ಟು, ಬೋಗುಣಿಯಲ್ಲಿ ಬಿಸಿನೀರು ತಂದು, ದಿನದಂತೆ ಅತ್ತೆಯ ಕಾಲ ಬುಡದಲ್ಲಿ ಮಂಡಿಯೂರಿ ಕೂತ. ಹೆಂಡತಿ ಮಡಿಚಿದ ಬಟ್ಟೆ ಹಿಡಿದು ಬಾಗಿಲಲ್ಲಿದ್ದಳು.

"ಅತ್ತೆ," ಅಂದ ಅವನು, ಮುದುಕಿಯ ಎರಡೂ ಪಾದವನ್ನು ನೀರಿನಲ್ಲಿ ಮೆತ್ತಗೆ ಇಳಿಸುತ್ತ. "ಹನ್ನೊಂದು ವರ್ಷ ನಿಮ್ಮ ಹತ್ರ ವಾದ ಮಾಡ್ದೆ. ಮಾತು ಬಂತು ಅಂದೆ. ನಿಮ್ಮ ಮಗಳು ಹದಿನೇಳು ಟ್ರಂಕು ಹುಡುಕಿದಾಳೆ. ಒಂದು ಅಕ್ಷರ ಸುಳ್ಳು ಬರೆಯೋಳಲ್ಲ ಅವಳು, ಗಂಡ ಅಂತಾನೂ ನೋಡಲ್ಲ. ಎಲ್ಲೂ ಇಲ್ಲ ಅಂದಮೇಲೆ ಇಲ್ಲ. ಯಾವ ಮಾತೂ ಬಂದಿರ್ಲಿಲ್ಲ. ನನ್ನ ಕಿವಿ ಹುಟ್ಟಿಸ್ಕೊಂಡಿದ್ದು. ನಾನೇ ಬಿಟ್ಟೆ. ನಾನೇ ಕೊಂದೆ ಅವನನ್ನ." ಇಷ್ಟು ಹೇಳುವಾಗ ದನಿ ಗಟ್ಟಿಯಾಗಿತ್ತು. "ತಪ್ಪಾಯ್ತು."

ಗೋಡೆಗೆ ಒರಗಿದ್ದ ಮುದುಕಿ ನೆಟ್ಟಗೆ ಕೂತಳು, ಹನ್ನೊಂದು ವರ್ಷದಲ್ಲಿ ಯಾರೂ ಹಿಡಿಯದೆ ಅವಳು ಹಾಗೆ ಕೂತದ್ದೇ ಇಲ್ಲ.

"ಇನ್ನೊಂದು ಸಲ ಹೇಳು."

"ತಪ್ಪಾಯ್ತು ಅತ್ತೆ."

"ಫೋಟೊ ನೋಡ್ಕೊಂಡು ಹೇಳು. ಗಟ್ಟಿಯಾಗಿ ಹೇಳು, ಅವನಿಗೆ ಕೇಳ್ಬೇಕು."

ಅವನು ಕತ್ತೆತ್ತಿ ಫೋಟೊ ನೋಡಿದ. ಅಲ್ಲಿ ಬಾಮೈದ ನಗುತ್ತಿದ್ದ. "ತಪ್ಪಾಯ್ತು ಕಣೋ," ಅಂದ. ಅಲ್ಲಿಗೆ ದನಿ ಒಡೆಯಿತು, ಬೋಗುಣಿಯ ಅಂಚು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ. ಮುದುಕಿಯೂ ಅತ್ತಳು, ಆದರೆ ಅವಳದು ಹೊಟ್ಟೆ ತುಂಬಿದವರ ಅಳು.

"ನನ್ನ ಮಗಳಿಗೂ ಹೇಳು," ಅಂದಳು ಮೂಗು ಒರೆಸಿಕೊಂಡು. "ಒಡಹುಟ್ಟಿದವನನ್ನ ಕಳ್ಕೊಂಡೋಳು ಅವಳು. ಅವಳ ಹತ್ರಾನೂ ಕೇಳ್ಕೋ."

ಅವನು ಮಂಡಿಯ ಮೇಲೇ ತಿರುಗಿದ. ಕೈ ಒದ್ದೆ, ಮುಖ ಒದ್ದೆ. "ನಿನಗೂ ಕಣೇ. ತಪ್ಪಾಯ್ತು. ನೀನು ಮಾಡಿದ್ದನ್ನ ಹಿಂಸೆ ಅಂದ್ಕೊಂಡಿದ್ದೆ ಇಷ್ಟು ದಿನ. ಅದ್ರಲ್ಲಿ ನ್ಯಾಯವೇ ಇತ್ತು. ಆದ್ರೆ ಒಂದೇ ಒಂದು ಸಲ ಕ್ಷಮಿಸಿದೀನಿ ಅನ್ನು, ಸಾಕು. ನಾನು ಎಲ್ಲಿಗೂ ಹೋಗಲ್ಲ, ಇಲ್ಲೇ ಇದ್ದು ಸೇವೆ ಮಾಡ್ಕೊಂಡು ಬಿದ್ದಿರ್ತೀನಿ."

ಇಬ್ಬರೂ ಅವಳನ್ನೇ ನೋಡುತ್ತಿದ್ದರು. ಅವಳ ಬಾಯಿ ತೆರೆಯಿತು. ಆ ಗಳಿಗೆಯಲ್ಲಿ ಎಲ್ಲ ಹೇಳಿಬಿಡುತ್ತೇನೆ ಅಂತ ಅವಳಿಗೇ ಅನ್ನಿಸಿತು. ಆದರೆ ತಾಯಿಯ ಮುಖದಲ್ಲಿ ಅಂಥ ಬೆಳಕು ಅವಳು ಕಂಡು ಎಷ್ಟು ಕಾಲವಾಗಿತ್ತು. ಗಂಡನ ಮುಖದಲ್ಲೂ ಅಷ್ಟೇ, ಕಾಯುವ ಭಾರ ಇಳಿದವನ ಒಂದು ಥರದ ಸಮಾಧಾನ. ಕಾಗದ ಚೂರಾಗಿ ಹದಿನೆಂಟು ದಿನವಾಗಿತ್ತು.

"ಕ್ಷಮಿಸಿದೀನಿ," ಅಂದಳು.

ಅವನು ಅವಳ ಪಾದದ ಮೇಲೆ ಹಣೆ ಇಟ್ಟ. ಆಮೇಲೆ ಎದ್ದು, ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು, ಮುದುಕಿಯ ಕಾಲನ್ನು ಬೋಗುಣಿಯಿಂದ ಎತ್ತಿ, ಒಂದೊಂದು ಬೆರಳ ಸಂದಿಯನ್ನೂ ಬಿಡದೆ ಒರೆಸತೊಡಗಿದ.